ಮೊಲಗಳಿಗೆ ಬಂದ ಜ್ವರ

ಏಪ್ರಿಲ್ 3, ಗುರುವಾರ

ಪ್ರಯೋಗಾಲಯದವರು ಎರಡು ನೋಟ್‌ಬುಕ್ ಕೊಟ್ಟಿದ್ದಾರೆ. ಒಂದರಲ್ಲಿ ನಾನು ರೇಷ್ಮೆ ಕುದಿಸಿದ್ದು, ತೊಳೆದದ್ದು, ಒಣಗಿಸಿದ್ದು ಎಲ್ಲವನ್ನೂ ಗಂಟೆ ನಿಮಿಷ ಸಹಿತ ಹಿಂದಿಯಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಇನ್ನೊಂದು, ಮೊದಲನೆಯದು ತುಂಬಿದರೆ ಇರಲಿ ಎಂದು. ತುಂಬುವ ಲಕ್ಷಣವಿಲ್ಲ. ಅವರ ಹದಿನಾಲ್ಕು ಕಲಮುಗಳಿಗೆ ಉತ್ತರ ಬರೆದರೆ ಒಂದು ಪುಟವೂ ಆಗುವುದಿಲ್ಲ. ಹಾಗಾಗಿ ಎರಡನೆಯದನ್ನು ನಾನೇ ಇಟ್ಟುಕೊಂಡೆ. ಇದರಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಓದಬಲ್ಲವರು ಮೂವರು. ಭಾವ ಬದರೀನಾರಾಯಣರಿಗೆ ಕನ್ನಡಕ ಎಲ್ಲಿಟ್ಟೆನೆಂದು ನೆನಪಿರುವುದಿಲ್ಲ, ನಾದಿನಿ ಅನಂತಲಕ್ಷ್ಮಿಗೆ ನನ್ನ ಬಾಯಿಂದ ಕೇಳಿದ್ದೇ ಸಾಕಾಗಿದೆ. ಮೂರನೆಯವಳು ನಾನು.

ಇಂದು ಮೊದಲ ಕಂತು ಹೋಯಿತು. ಎರಡು ಕಿಲೋ ಬಿಳಿ ರೇಷ್ಮೆ. ಸೀರೆಗಲ್ಲ. ಸಾರನಾಥದ ದಾರಿಯಲ್ಲಿರುವ ಆ ಪ್ರಯೋಗಾಲಯದಲ್ಲಿ ಮಾಲವಿಕಾ ಎಂಬ ಹುಡುಗಿ ಇದನ್ನು ಕರಗಿಸಿ, ಲಸಿಕೆ ಬೆರೆಸಿ, ಅಚ್ಚಿಗೆ ಹೊಯ್ದು, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಮಾಡುತ್ತಾಳೆ. ಅವಳ ಅಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಕಾಶಿಗೆ ಬಂದವರು. ಅವಳಿಗೆ ಕನ್ನಡ ಓದಲು ಬರುತ್ತದೆ, ಮಾತು ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. ಮೂರು ವರ್ಷದಿಂದ ಅವಳಿಗೆ ಇದೊಂದೇ ಕೆಲಸ. ಜೂನ್ ನಾಲ್ಕಕ್ಕೆ ಸಮಿತಿ ಕೂರುತ್ತದಂತೆ. ರೇಷ್ಮೆ ಪರೀಕ್ಷೆಯಲ್ಲಿ ಗೆದ್ದರೆ ಕೆಲಸ ಮುಂದಕ್ಕೆ. ಇಲ್ಲವಾದರೆ ಹೊರದೇಶದಿಂದ ಸಿದ್ಧ ವಸ್ತು ತರಿಸಿಕೊಂಡು ರೇಷ್ಮೆಯ ಕೋಣೆಗೆ ಬೀಗ.

ಅವಳ ಮೇಲಿನವರು ಪ್ರೊಫೆಸರ್ ಮಹೇಶ್ವರ್. ಬಜಾರಿನ ಹೆಂಗಸಿಗೆ ಇಂಥ ಕೆಲಸ ಕೊಡುವುದೇ ಎಂದು ನನ್ನೆದುರೇ ಕೇಳಿದರು. ನಿಮ್ಮ ಪಾತ್ರೆಯಲ್ಲಿ ಒಂದು ಸಲಕ್ಕೆ ಐವತ್ತು ಗ್ರಾಂ ಕುದಿಯುತ್ತದೆ, ತಳ ಹಿಡಿಯುತ್ತದೆ, ನನ್ನದರಲ್ಲಿ ಎರಡು ಕಿಲೋ, ತಳ ಹಿಡಿದ ಚರಿತ್ರೆಯಿಲ್ಲ ಎಂದೆ. ನಮ್ಮಪ್ಪ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರು, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ವಯಸ್ಸು ಹೇಳುತ್ತೇನೆ ಎಂದೂ ಸೇರಿಸಿದೆ. ಕಾಲು ಗಂಟೆಯಲ್ಲಿ ಒಪ್ಪಿದರು. ಗಂಡ ಸತ್ತ ಹದಿನಾಲ್ಕನೇ ದಿನ ನಮ್ಮ ರೇಷ್ಮೆ ನೂಲಿನ ಅಂಗಡಿಯ ಗಾದಿಯ ಮೇಲೆ ಕೂತು, ಹದಿನಾರು ವರ್ಷ ಮದನಪುರದ ನೇಕಾರರಿಗೆ ಮಾತಿನಲ್ಲೇ ನೂಲು ಅಳೆದುಕೊಟ್ಟವಳು ನಾನು. ಈ ಪ್ರೊಫೆಸರು ಯಾವ ಲೆಕ್ಕ. ಮೂಗು ಉದ್ದ, ತಾಳ್ಮೆ ಗಿಡ್ಡ.

ಗೂಡು ಕತ್ತರಿಸಿ, ಸೋಡಾ ನೀರಿನಲ್ಲಿ ಅರ್ಧರ್ಧ ಗಂಟೆ ಎರಡು ಸಲ ಕುದಿಸಿ ಅಂಟು ಬಿಡಿಸಿದೆ. ಅವರೇ ಡಬ್ಬದಲ್ಲಿ ಕಳಿಸಿದ ಶುದ್ಧ ನೀರಿನಲ್ಲಿ ಐದು ಸಲ ತೊಳೆದೆ. ಅವರೇ ಕೊಟ್ಟ ಗಾಜಿನ ಬೀರುವಿನಲ್ಲಿ ಒಣಗಿಸಿದೆ. ಕೈಗವಸು, ಮಾಸ್ಕು, ತಲೆಗೆ ಟೊಪ್ಪಿ. ಅನಂತಲಕ್ಷ್ಮಿ ಬಾಗಿಲಲ್ಲಿ ನಿಂತು, "ಆಪರೇಷನ್ ಯಾರಿಗೆ ಅತ್ತಿಗೆ?" ಎಂದಳು. ಎಲ್ಲ ಕಂತಿನಲ್ಲೂ ತೆಗೆಯುವಂತೆ ಒಂದು ಹಿಡಿ ಮಾದರಿ ತೆಗೆದು ತಗಡಿನ ಡಬ್ಬಿಗೆ ಹಾಕಿ, ಉಳಿದದ್ದನ್ನು ಅವರ ಚೀಲಕ್ಕೆ ತುಂಬಿ, ಹೊಸಿಲ ಬಳಿ ಗಿಂಡಿಯಿಂದ ಮೂರು ಹನಿ ಗಂಗೆ ಚಿಮುಕಿಸಿ ಬಾಯಿ ಕಟ್ಟಿದೆ. ಆಟೋದಲ್ಲಿ ಸೀಟಿನ ಮೇಲೂ ಇಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಹೋಗಿ ಕೊಟ್ಟೆ. ಹದಿನಾಲ್ಕು ಕಲಮಿಗೂ ಗುರುತು ಬಿತ್ತು. ಹುಡುಕಲಿ, ತಪ್ಪು ಸಿಕ್ಕರೆ ತೋರಿಸಲಿ.

ಏಪ್ರಿಲ್ 9, ಬುಧವಾರ

ಮಾಲವಿಕಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಹಣೆಯ ಬಿಂದಿಯಷ್ಟು ಅಗಲದ ಬಿಲ್ಲೆ, ಅದರ ಮೇಲೆ ಸಾಲಾಗಿ ಮುಳ್ಳು. ಹತ್ತು ಸಾಲು, ಸಾಲಿಗೆ ಹತ್ತು. ನಾನು ಎಣಿಸಿದೆ, ತೊಂಬತ್ತೊಂಬತ್ತಿತ್ತು. ಏಳನೇ ಸಾಲಿನಲ್ಲಿ ಒಂದು ಮುರಿದಿದೆ ಎಂದಾಗ ಅವಳು ಇಣುಕಿ ನೋಡಿ, ಇಷ್ಟು ದಿನ ಯಾರೂ ಎಣಿಸಿರಲಿಲ್ಲ ಎಂದಳು.

ಇದನ್ನು ಮಗುವಿನ ತೋಳಿಗೆ ಒತ್ತಿದರೆ ಮುಳ್ಳು ಚರ್ಮದೊಳಗೆ ಉಳಿದು, ರೇಷ್ಮೆ ನಿಧಾನವಾಗಿ ಕರಗಿ, ಲಸಿಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಆಮೇಲೆ ರೇಷ್ಮೆಯೂ ಮೈಯಲ್ಲೇ ಜೀರ್ಣ. ಬಿಸಾಡಲು ಸೂಜಿಯಿಲ್ಲ. ಇನ್ನೊಂದು ಸಂಗತಿ, ರೇಷ್ಮೆಯ ಒಳಗಿರುವ ಲಸಿಕೆ ಬಿಸಿಲಿಗೆ ಬೇಗ ಕೆಡುವುದಿಲ್ಲವಂತೆ. ಐಸು ಇಲ್ಲದೆ ವಾರಗಟ್ಟಲೆ ಇಡಬಹುದೇ ಎಂದು ಅವಳು ನೋಡುತ್ತಿದ್ದಾಳೆ.

ಮನೆಗೆ ಬಂದು ಇದನ್ನು ಅನಂತಲಕ್ಷ್ಮಿಗೆ ಹೇಳಿದೆ. ಅವಳು ಮೂವತ್ತೊಂದು ವರ್ಷ ಸರ್ಕಾರಿ ಆರೋಗ್ಯ ಕಾರ್ಯಕರ್ತೆಯಾಗಿ ಲಸಿಕೆಯ ನೀಲಿ ಪೆಟ್ಟಿಗೆ ಹೊತ್ತವಳು, ಬಲ ಭುಜ ಈಗಲೂ ಎಡಕ್ಕಿಂತ ಒಂದು ಬೆರಳು ಕೆಳಗಿದೆ. ಹುರುಳಿಕಾಯಿ ಮುರಿಯುತ್ತಾ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: ರಾಮನಗರದಿಂದ ಆಚೆ, ಮರಳುದಿಬ್ಬದ ಮೇಲಿನ ಹಳ್ಳಿಗೆ ದೋಣಿಯಲ್ಲಿ ಹೋಗಬೇಕಿತ್ತು. ಜೇಠ ಮಾಸದ ಬಿಸಿಲಲ್ಲಿ ಮಧ್ಯಾಹ್ನದೊಳಗೆ ಪೆಟ್ಟಿಗೆಯ ಐಸು ನೀರು. ಕೆಟ್ಟ ಲಸಿಕೆ ಚುಚ್ಚುವ ಹಾಗಿಲ್ಲ, ಹಿಂದೆ ತರಬೇಕು. ಒಬ್ಬಳು ತಾಯಿ ಮಗು ಎತ್ತಿಕೊಂಡು ಮೂರು ಸಲ ಮರಳಲ್ಲಿ ನಡೆದು ಬಂದಳು, ಮೂರು ಸಲವೂ ಇವಳು ವಾಪಸು ಕಳಿಸಿದಳು. ನಾಲ್ಕನೇ ಸಲ ಐಸು ಗಟ್ಟಿಯಾಗೇ ಇತ್ತು, ಅವಳು ಬರಲಿಲ್ಲ. ಮಗುವಿಗೆ ಆಗಲೇ ದಡಾರ ಬಂದು ಹೋಗಿತ್ತು.

"ಬಂದು ಹೋಗಿತ್ತು ಅಂದರೆ?"

"ಮಗೂನೂ ಹೋಗಿತ್ತು," ಎಂದು ಹೇಳಿ ಕಾಯಿ ತೊಳೆಯಲು ಎದ್ದಳು.

ಅದು ಅವಳ ಲೆಕ್ಕ. ನನ್ನದು ಎರಡು ಕಿಲೋ ರೇಷ್ಮೆ, ಸರಕು ಕೊಟ್ಟಾಯಿತು, ಚುಕ್ತಾ.

ಏಪ್ರಿಲ್ 24, ಗುರುವಾರ

ಮೊಲಗಳಿಗೆ ಜ್ವರ ಬಂದಿದೆ.

ನನ್ನ ರೇಷ್ಮೆ ಕರಗಿಸಿದ ದ್ರಾವಣವನ್ನು ಮೂರು ಮೊಲಗಳಿಗೆ ಕೊಟ್ಟು ಮೈಬಿಸಿ ನೋಡುತ್ತಾರೆ. ಯಾವುದಾದರೂ ಅರ್ಧ ಡಿಗ್ರಿ ಏರಿದರೆ ಫೇಲು. ಒಂದಕ್ಕೆ 0.9, ಇನ್ನೊಂದಕ್ಕೆ 1.1, ಮತ್ತೊಂದಕ್ಕೆ 0.8. ಮೂರೂ ಕಿವಿ ಇಳಿಬಿಟ್ಟುಕೊಂಡು ಮೂಲೆ ಹಿಡಿದಿದ್ದವು.

ಮಹೇಶ್ವರ್ ಸರ್ ನನ್ನ ಕಡೆ ನೋಡದೆ ಗೋಡೆಗೆ ಹೇಳಿದರು, ಬಜಾರಿನ ಮಾಲು ಬಜಾರಿನ ಹಾಗೇ ಇರುತ್ತದೆ ಎಂದು. ಗೋಡೆ ಸುಮ್ಮನಿತ್ತು, ನಾನು ಇರಲಿಲ್ಲ. ನಿಮ್ಮ ನೀರು, ನಿಮ್ಮ ಬೀರು, ನಿಮ್ಮ ಚೀಲ, ನಿಮ್ಮ ಮೊಲ, ನನ್ನದು ರೇಷ್ಮೆ ಮಾತ್ರ, ಜ್ವರ ಬಂದದ್ದು ನಿಮ್ಮ ನಾಲ್ಕರಲ್ಲಿ ಯಾವುದರಿಂದ ಎಂದು ಮೊದಲು ಹೇಳಿ ಎಂದೆ. ಮಾಲವಿಕಾ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದಳು.

"ಆಂಟಿ, ಕಾರಣ ಸಿಗಲಿಲ್ಲ ಅಂದ್ರೆ ಕಮಿಟಿಯವರು ರೇಷ್ಮೆಯೇ ಖರಾಬು ಅಂತ ಬರೀತಾರೆ. ಆಮೇಲೆ ಬಸ್, ಬಂದ್."

ಅವಳ ಕಣ್ಣು ಕೆಂಪಾಗಿತ್ತು. ಗಿರಾಕಿ ಅಳುವುದನ್ನು ನಾನು ಬಹಳ ನೋಡಿದ್ದೇನೆ, ಸಾಮಾನ್ಯವಾಗಿ ದರ ಇಳಿಸುವುದಕ್ಕೆ. ಇವಳಿಗೆ ಇಳಿಸುವುದಕ್ಕೆ ಏನೂ ಇರಲಿಲ್ಲ.

ಏಪ್ರಿಲ್ 25, ಶುಕ್ರವಾರ

ನನ್ನ ರೇಷ್ಮೆಯಲ್ಲಿ ದೋಷವಿಲ್ಲ. ದೊಡ್ಡದಾಗಿ ಬರೆದಿಡುತ್ತೇನೆ. ದೋಷವಿಲ್ಲ.

ಮೇ 2, ಶುಕ್ರವಾರ

ಒಂದು ವಾರ ಪೊಲೀಸಿನವಳ ಕೆಲಸ ಮಾಡಿದೆ. ಗೂಡು ಕಳಿಸಿದ ಶಿಡ್ಲಘಟ್ಟದ ಸೋಮಲಿಂಗಯ್ಯನಿಗೆ ಫೋನು ಮಾಡಿ, ಹುಳಕ್ಕೆ ಏನು ಔಷಧಿ ಹೊಡೆದೆ, ಯಾವ ಸುಣ್ಣ ಚೆಲ್ಲಿದೆ, ಯಾವ ಗೋಣಿಯಲ್ಲಿ ತುಂಬಿದೆ ಎಂದು ಮುಕ್ಕಾಲು ಗಂಟೆ ಕೊರೆದೆ. ಕೊನೆಗೆ ಅವನು, "ಅಮ್ಮಾ, ಹುಳದ ಜಾತಕಾನೂ ಕಳಿಸ್ಲಾ?" ಎಂದ. ಅದೇ ಗೂಡನ್ನು ಮಾಲವಿಕಾ ತಾನೇ ಐವತ್ತು ಗ್ರಾಂ ಕುದಿಸಿ ನೋಡಿದಳು. ಶುದ್ಧ. ಗೂಡು ಬಿಡುಗಡೆ.

ಸೋಡಾದ ಪೊಟ್ಟಣ ಕೊಟ್ಟು ಕಳಿಸಿದೆ. ಶುದ್ಧ. ಡಬ್ಬದಲ್ಲಿ ಉಳಿದ ನೀರು. ಶುದ್ಧ. ಆಟೋದವನು ಬಾಗಿಲಿಗೇ ಬಂದು, ಮಾತಾಜೀ, ನನ್ನ ಸೀಟನ್ನು ನೀವು ಮುಟ್ಟಲೇ ಇಲ್ಲವಲ್ಲ ಎಂದು ನ್ಯಾಯ ಕೇಳಿದ. ಅವನೂ ಬಿಡುಗಡೆ.

ಹಾಗಾದರೆ ಉಳಿದದ್ದು ಪ್ರಯೋಗಾಲಯವೇ. ಮಹೇಶ್ವರ್ ಸರ್‌ಗೆ ನೇರ ಹೇಳಿಬಿಟ್ಟೆ, ನಿಮ್ಮ ಮನೆಯ ಒಳಗೇ ಹುಡುಕಿ ಎಂದು. ಅವರ ಮೂಗು ಇನ್ನೂ ಉದ್ದವಾಯಿತು.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಸಾರನಾಥದ ದಾರಿಯಲ್ಲಿ ಬಸ್ಸಿಗೆ ಬಸ್ಸು ಅಂಟಿಕೊಂಡಿತ್ತು, ಕೊನೆಯ ಎರಡು ಕಿಲೋಮೀಟರು ನಡೆದೆ. ತಲುಪಿದಾಗ ಮಾಲವಿಕಾ ಒಬ್ಬಳೇ ಕೂತಿದ್ದಳು.

ಜ್ವರದ ಜಾತಿ ಗೊತ್ತಾಗಿದೆಯಂತೆ. ರೇಷ್ಮೆಯಲ್ಲಿ ಜೀವಂತ ಕ್ರಿಮಿ ಒಂದೂ ಇಲ್ಲ, ಎಲ್ಲವನ್ನೂ ಇವಳು ಕೊಂದಿದ್ದಾಳೆ. ಆದರೆ ಕೆಲವು ಕ್ರಿಮಿ ಸತ್ತ ಮೇಲೂ ಅದರ ಸಿಪ್ಪೆ ಉಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ಸೋಸಿದರೆ ಹೋಗುವುದಿಲ್ಲ, ಮೈಯೊಳಗೆ ಹೋದರೆ ಜ್ವರ ತರುತ್ತದೆ. ಇಂಥ ಸಿಪ್ಪೆ ಬರುವುದು ಸಾಮಾನ್ಯವಾಗಿ ಬಾವಿ, ಕೆರೆ, ನದಿ, ನಲ್ಲಿ ಇಂಥ ನೀರಿನಿಂದ. ಎಷ್ಟು ಬೇಕು ಎಂದು ಕೇಳಿದೆ. ಕಣ್ಣಿಗೆ ಕಾಣುವಷ್ಟೇನೂ ಬೇಡವಂತೆ.

ನಿಮ್ಮ ಡಬ್ಬದ ನೀರಲ್ಲದೆ ನಮ್ಮ ಮನೆಯ ಯಾವ ನೀರೂ ಅದಕ್ಕೆ ತಾಕಿಲ್ಲ, ಬೇಕಾದರೆ ನನ್ನ ಪುಸ್ತಕ ನೋಡು ಎಂದೆ. ಅವಳು ಹಿಂದಿಯ ನೋಟ್‌ಬುಕ್ ತೆಗೆದು ಮತ್ತೊಮ್ಮೆ ಓದಿದಳು. ಅದರಲ್ಲಿ ಏನೂ ಇರಲಿಲ್ಲ. ಹದಿನಾಲ್ಕು ಗುರುತು, ಹದಿನಾಲ್ಕೂ ನೇರ.

ಮೇ 13, ಮಂಗಳವಾರ

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಪ್ರೊಫೆಸರನ್ನು ಎಷ್ಟು ಸಲ ಬೈದಿದ್ದೇನೆ ಎಂದು ಎಣಿಸಿ ಸ್ವಲ್ಪ ಸಮಾಧಾನ ಪಡೆಯೋಣವೆಂದು. ಮೊದಲ ಪುಟದಲ್ಲೇ ಸಿಕ್ಕಿತು.

ಹೊಸಿಲ ಬಳಿ ಗಿಂಡಿಯಿಂದ ಮೂರು ಹನಿ.

ನನ್ನದೇ ಅಕ್ಷರ.

ಮನೆಯಿಂದ ಹೊರಡುವ ಪ್ರತಿ ಗಂಟಿಗೂ ನನ್ನ ಅತ್ತೆ ಹಾಕುತ್ತಿದ್ದರು, ಗಂಡ ಹಾಕುತ್ತಿದ್ದರು, ನಾನು ಹಾಕುತ್ತೇನೆ. ಮೂವತ್ತು ವರ್ಷದಲ್ಲಿ ಹಾಕದೆ ಕಳಿಸಿದ ಕಂತು ಒಂದೂ ಇಲ್ಲ. ಬೆರಳು ಅದ್ದುವುದು ಕಣ್ಣು ಮಿಟುಕಿಸಿದ ಹಾಗೆ, ಅದು ನಾನು ಮಾಡುವ ಕೆಲಸ ಎಂದೇ ನನಗೆ ಗೊತ್ತಿರಲಿಲ್ಲ. ಅವರ ಹದಿನಾಲ್ಕು ಕಲಮಿನಲ್ಲಿ ಅದನ್ನು ಕೇಳಿರಲಿಲ್ಲ. ಕೇಳಿದ್ದರೂ ಇಲ್ಲ ಎಂದೇ ಹೇಳುತ್ತಿದ್ದೆ, ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಾಗದೆ.

ಕೈಗವಸು ಹಾಕಿಕೊಂಡೇ ಅದ್ದಿದ್ದೆ. ಎಂಥ ಶುಚಿ.

ಮೇ 14, ಬುಧವಾರ

ಅಂಗಡಿ ತೆರೆದೆ. ಬಂದವರಿಗೆ ಕೇಳಿದ್ದನ್ನು ಕೊಟ್ಟೆ. ಒಬ್ಬ ನೇಕಾರ, ಅಮ್ಮಾ, ಗಂಟಲು ನೋವೇ ಎಂದು ಕೇಳಿದ.

ಮೇ 16, ಶುಕ್ರವಾರ

ಊಟಕ್ಕೆ ಕೂತಾಗ ಇಬ್ಬರಿಗೂ ಹೇಳಿದೆ. ಅನಂತಲಕ್ಷ್ಮಿ ಅನ್ನದ ಸೌಟು ಹಿಡಿದುಕೊಂಡೇ ನಿಂತಳು. ಭಾವ ಊಟ ನಿಲ್ಲಿಸಲಿಲ್ಲ, ಮಜ್ಜಿಗೆ ಮುಗಿಸಿ, ಕೈ ತೊಳೆದು ಬಂದು ಕೂತರು. ನಲವತ್ತೈದು ವರ್ಷದಿಂದ ಕೇದಾರ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುವವರು. ಗಂಗೆಯ ತಂಬಿಗೆಗೆ ಬಾಯಿ ಬೆಸೆದು ಯಾತ್ರಿಕರ ಕೈಗಿಡುವುದು ಅವರ ಕೆಲಸದ ಕೊನೆಯ ಭಾಗ.

"ಯಾರಿಗೆ ಹೇಳಬೇಕು ಅಂತಿದ್ದೀ?"

"ಮಾಲವಿಕಾಗೆ. ಸಮಿತಿಗೆ."

"ಕಾಶಿಯಲ್ಲಿ ಕೂತು ಗಂಗೆಯಿಂದ ಜ್ವರ ಬಂತು ಅಂತ. ನಮ್ಮ ಮನೆ ಹೆಂಗಸು."

ಬಾವಿ ನೀರು ಎಂದು ಹೇಳು, ಯಾರಿಗೆ ಗೊತ್ತಾಗುತ್ತದೆ ಎಂದರು. ಬಾವಿ ಎಂದರೆ ಮುಂದಿನ ಸಲ ಬಾವಿಗೆ ಬೀಗ ಹಾಕಿ ಗಿಂಡಿಯನ್ನು ಹೊಸಿಲಲ್ಲೇ ಬಿಡುತ್ತಾರೆ ಎಂದೆ. ಜಗಳ ಅರ್ಧ ಗಂಟೆ ನಡೆಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಮಾಡಿದ ತಪ್ಪುಗಳೆಲ್ಲ ತಾರೀಖಿನ ಪ್ರಕಾರ ಹೊರಬಂದವು. ಭಾವನಿಗೂ ನನ್ನಂಥ ನೆನಪೇ ಇದೆ.

ನಡುವೆ ಅನಂತಲಕ್ಷ್ಮಿ ಸೌಟು ಕೆಳಗಿಟ್ಟು ಹೇಳಿದಳು, "ಅಣ್ಣಾ, ಐಸು ಕರಗಿದ್ದನ್ನ ನಾನು ಒಂದು ದಿನವಾದರೂ ಮುಚ್ಚಿಟ್ಟು ಚುಚ್ಚಿದ್ದಿದ್ದರೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಆ ತಾಯಿ ಮೂರು ಸಲ ಬರೋದೂ ತಪ್ತಿತ್ತು. ಆದರೂ ಮುಚ್ಚಿಡಲಿಲ್ಲ."

ಭಾವ ಎದ್ದು ಹೋದರು. ಅವರು ನನ್ನೊಂದಿಗೆ ಮಾತು ಬಿಟ್ಟದ್ದು ಇಂದಿನಿಂದ ಎಂದು ಬರೆದುಕೊಳ್ಳುತ್ತೇನೆ.

ಮೇ 17, ಶನಿವಾರ

ಮಾಲವಿಕಾಗೆ ಹೇಳಿದೆ. ಅವಳು, ಮೂರು ವಾರ ಎಲ್ಲರನ್ನೂ ಬೈದಿರಿ ಆಂಟಿ, ನಮ್ಮ ಲ್ಯಾಬಿನ ಗುಡಿಸುವವಳನ್ನೂ ಬಿಡಲಿಲ್ಲ ಎಂದಳು. ಹೌದು ಎಂದೆ.

ಆಮೇಲೆ ಗಿಂಡಿಯ ನೀರಿನ ಶೀಶೆಯ ಜೊತೆ ಮಾದರಿಯ ಡಬ್ಬಿಯನ್ನೂ ಅವಳ ಮುಂದಿಟ್ಟೆ. ಸರಕಿನಲ್ಲಿ ತಕರಾರು ಬಂದರೆ ತೋರಿಸಲು ಪ್ರತಿ ಕಂತಿನಿಂದ ಒಂದು ಹಿಡಿ ತೆಗೆದಿಡುವುದು ನಮ್ಮ ವ್ಯಾಪಾರದ ರೂಢಿ. ಊರವರನ್ನೆಲ್ಲ ಬೈಯುವ ಭರದಲ್ಲಿ ಅದನ್ನೇ ಮರೆತಿದ್ದೆ. ಅದೇ ಕುದಿತ, ಅದೇ ತೊಳೆತ, ಅದೇ ಬೀರು. ಹೊಸಿಲಿಗೆ ಹೋಗುವ ಮುಂಚೆ ತೆಗೆದದ್ದು, ಹನಿ ಬೀಳದ ರೇಷ್ಮೆ. ಅವಳು ಕುರ್ಚಿಯಿಂದ ಎದ್ದ ರೀತಿಗೆ ಕುರ್ಚಿ ಬಿತ್ತು.

ಸಂಜೆಯೊಳಗೆ ಫೋನು ಬಂತು. ಡಬ್ಬಿಯ ರೇಷ್ಮೆ ಶುದ್ಧ. ಗಿಂಡಿಯ ನೀರಿನ ಅಂಕಿ ಅವಳು ಹೇಳಿದಳು, ನಾನು ಬರೆಯುವುದಿಲ್ಲ.

ಮೇ 29, ಗುರುವಾರ

ಮಹೇಶ್ವರ್ ಸರ್ ವರದಿಯಿಂದ ಗಂಗೆಯ ಹನಿಯ ಸಾಲು ತೆಗೆದಿದ್ದಾರೆ. ಸಮಿತಿ ಕೂರುವ ಮರುದಿನವೇ ಗಂಗಾ ದಶಹರಾ, ಗಂಗೆ ಭೂಮಿಗಿಳಿದ ಹಬ್ಬ. ಇಂಥ ಸುದ್ದಿ ಪತ್ರಿಕೆಯವರ ಬಾಯಿಗೆ ಬಿದ್ದರೆ ಪ್ರಯೋಗಾಲಯದ ಗೇಟಿನಲ್ಲಿ ಯಾರು ಯಾರು ಬಂದು ನಿಲ್ಲುತ್ತಾರೋ ಎಂದು ಅವರ ಹೆದರಿಕೆ. ಡಬ್ಬಿಯ ಪರೀಕ್ಷೆಯೂ ಹೊರಗೆ, ಅದನ್ನು ತೋರಿಸಿದರೆ ವ್ಯತ್ಯಾಸ ಯಾಕೆಂದು ಕೇಳುತ್ತಾರಲ್ಲ. ಈಗ ವರದಿಯಲ್ಲಿ ಇರುವುದು ಎರಡೇ ಪದ: ಕಾರಣ ತಿಳಿದಿಲ್ಲ.

ಕಾರಣ ತಿಳಿದಿಲ್ಲವೆಂದರೆ ರೇಷ್ಮೆಯೇ ಕಾರಣ. ಸಾಕ್ಷಿ ಹೇಳಲು ಬಾಯಿಲ್ಲದವನ ತಲೆಗೇ ಕಳ್ಳತನ ಕಟ್ಟಿದ ಹಾಗೆ. ಮಾಲವಿಕಾಗೆ ಅವರ ಸಹಿಯಿಲ್ಲದೆ ಏನೂ ನಡೆಯುವುದಿಲ್ಲ. ನನಗೆ ಯಾರ ಸಹಿಯೂ ಬೇಡ.

ಜೂನ್ 4, ಬುಧವಾರ

ನನ್ನನ್ನು ಯಾರೂ ಕರೆದಿರಲಿಲ್ಲ. ಗೇಟಿನ ಕಾವಲಿನವನಿಗೆ, ಸಮಿತಿಯವರು ಪರೀಕ್ಷೆ ಮಾಡುತ್ತಿರುವುದು ನನ್ನನ್ನೇ, ಆರೋಪಿಯನ್ನು ಹೊರಗೆ ನಿಲ್ಲಿಸಿ ವಿಚಾರಣೆ ಮಾಡುವುದು ಯಾವ ಕಾನೂನು ಎಂದೆ. ಅವನು ಯೋಚಿಸಿ ಬಿಟ್ಟ.

ಉದ್ದ ಮೇಜಿನ ಆಚೆ ಐವರು. ಈಚೆ ಮಹೇಶ್ವರ್ ಸರ್, ಮಾಲವಿಕಾ. ಪರದೆಯ ಮೇಲೆ ಮೂರು ಮೊಲದ ಜ್ವರ ಬೆಟ್ಟದ ಹಾಗೆ ಏರಿತ್ತು. ಅಧ್ಯಕ್ಷೆ ನನ್ನ ವಯಸ್ಸಿನವರು, ಕನ್ನಡಕ ಕೆಳಗಿಳಿಸಿ ನೀವು ಯಾರೆಂದು ಕೇಳಿದರು. ರೇಷ್ಮೆ ಕುದಿಸಿದವಳು, ಐದು ನಿಮಿಷ ಕೊಡಿ ಎಂದೆ. ಮಹೇಶ್ವರ್ ಸರ್ ಎದ್ದು ನಿಂತರು. ಅಧ್ಯಕ್ಷೆ ಅವರನ್ನು ಕೂರಿಸಿದರು.

ನಾನು ಭಾಷಣ ಕಲಿತು ಹೋಗಿದ್ದೆ, ಆಟೋದಲ್ಲಿ ಎರಡು ಸಲ ಒಪ್ಪಿಸಿಯೂ ನೋಡಿದ್ದೆ. ಅಲ್ಲಿ ನಿಂತಾಗ ಅದನ್ನು ಬಿಟ್ಟು ಈ ಪುಸ್ತಕವನ್ನು ಮಾಲವಿಕಾಳ ಕೈಗೆ ಕೊಟ್ಟು, ಏಪ್ರಿಲ್ ಮೂರು, ಹಿಂದಿ ಮಾಡಿ ಓದಮ್ಮ ಎಂದೆ. ಅವಳು ಓದುತ್ತಾ ಹೋದಳು, ಒಂದು ಕಡೆ ನಿಂತಳು. ಬಿಡಬೇಡ, ಅದನ್ನು ಬಿಟ್ಟರೆ ಉಳಿದದ್ದನ್ನು ನಂಬುವುದಿಲ್ಲ ಎಂದೆ. ಕುತ್ತಿಗೆ ಕೆಂಪು ಮಾಡಿಕೊಂಡು ಓದಿದಳು: ಈ ಪ್ರೊಫೆಸರು ಯಾವ ಲೆಕ್ಕ, ಮೂಗು ಉದ್ದ, ತಾಳ್ಮೆ ಗಿಡ್ಡ. ಕೊನೆಯಲ್ಲಿ ಕೂತಿದ್ದ ಒಬ್ಬರು ಕೆಮ್ಮಿದರು. ಮಹೇಶ್ವರ್ ಸರ್ ನೀರು ಕುಡಿದರು. ಆಮೇಲೆ ಹೊಸಿಲು, ಗಿಂಡಿ, ಮೂರು ಹನಿ.

ಕೆಮ್ಮಿದವರೇ ಕೇಳಿದರು, ಹಾಗಾದರೆ ನೀವು ಹೇಳುವುದು ಗಂಗಾಜಲದಿಂದ ಈ ಜ್ವರ ಬಂತೆಂದೇ?

"ಗಂಗೆ ತನ್ನಷ್ಟಕ್ಕೆ ಹರಿಯುತ್ತಿದ್ದಳು. ಅವಳನ್ನು ಮೆಟ್ಟಿಲು ಹತ್ತಿಸಿ, ಎಂಟು ದಿನ ಗಿಂಡಿಯಲ್ಲಿ ಕೂಡಿಹಾಕಿ, ಕರೆಯದ ಕಡೆ ಕರೆದುಕೊಂಡು ಹೋದವಳು ನಾನು. ತಪ್ಪಿನ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಕಾಮಾಕ್ಷಿ, ಕೇದಾರ ಘಾಟ್. ನದಿಯದ್ದು ಬೇಡ, ರೇಷ್ಮೆಯದ್ದೂ ಬೇಡ."

ಆಮೇಲೆ ಡಬ್ಬಿಯ ರೇಷ್ಮೆಯ ವಿಷಯ. ಅದನ್ನು ನಾನೇ ಹೇಳಬೇಕೆಂದಿದ್ದೆ. ಆದರೆ ಮಾಲವಿಕಾ ಯಾರ ಕಡೆಯೂ ನೋಡದೆ ಎದ್ದು ನಿಂತು, ವರದಿಯಲ್ಲಿ ಇಲ್ಲದ ಆ ಪರೀಕ್ಷೆಯನ್ನು ಅಂಕಿ ಸಹಿತ ಹೇಳಿದಳು. ಹತ್ತು ನಿಮಿಷ ಮಾತಾಡಿದಳು. ನನಗೆ ಅರ್ಥವಾದದ್ದು ಕಾಲುಭಾಗ. ನಾನು ನಡುವೆ ಬಾಯಿ ಹಾಕಲಿಲ್ಲ.

ತೀರ್ಪು: ಇನ್ನೊಂದು ಕಂತು ಕುದಿಸಬೇಕು. ಆರಂಭದಿಂದ ಕೊನೆಯವರೆಗೆ ಅವರ ಕಡೆಯವರೊಬ್ಬರು ಎದುರಿಗೆ ಕೂತು ನೋಡಬೇಕು. ಮೊಲಗಳಿಗೆ ಜ್ವರ ಬಂದರೆ ರೇಷ್ಮೆಯ ಕೋಣೆ ಬಂದ್, ಬರದಿದ್ದರೆ ಕೆಲಸ ಮುಂದಕ್ಕೆ. ನನ್ನ ಅಡುಗೆಮನೆಯಲ್ಲಿ ಪಹರೆ ಕೂರಿಸುತ್ತೀರಾ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿ, ಇಬ್ಬರನ್ನು ಕಳಿಸಿ, ಒಬ್ಬರಿಗೆ ನಿದ್ದೆ ಬಂದೀತು ಎಂದೆ.

ಜೂನ್ 5, ಗುರುವಾರ

ಗಂಗಾ ದಶಹರಾ. ಬೆಳಿಗ್ಗೆ ನಾಲ್ಕೂವರೆಗೇ ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಪ್ರತಿ ವರ್ಷದಂತೆ ಹೋಗಿ ಮುಳುಗಿದೆ. ಭಾವ ಮೇಲಿನ ಮೆಟ್ಟಿಲಲ್ಲಿ ಹಾವೇರಿ ಕಡೆಯವರಿಗೆ ಸಂಕಲ್ಪ ಹೇಳಿಸುತ್ತಿದ್ದರು. ನಿನ್ನೆಯ ಸುದ್ದಿ ಅವರಿಗೆ ತಲುಪಿತ್ತು. ನಾನು ಒದ್ದೆ ಸೀರೆಯಲ್ಲಿ ಹತ್ತಿ ಬರುವಾಗ ಮಂತ್ರ ನಿಲ್ಲಿಸದೆ ಮುಖ ಮಾತ್ರ ತಿರುಗಿಸಿದರು.

ತಿರುಗಿಸಲಿ. ನನಗೂ ಗಂಗೆಗೂ ಜಗಳವಿಲ್ಲ. ನೀರಲ್ಲಿ ನಿಂತಾಗ ಅವಳೇನೂ ದೂರ ಸರಿಯಲಿಲ್ಲ.

ಜೂನ್ 12, ಗುರುವಾರ

ಪಹರೆಗೆ ಬಂದದ್ದು ತನ್ಮಯಿ ಎಂಬ ಹೊಸ ಹುಡುಗಿ, ಕೈಯಲ್ಲಿ ಕಾಗದ, ಮುಖದಲ್ಲಿ ಹೆದರಿಕೆ. ನನ್ನ ಬಗ್ಗೆ ಲ್ಯಾಬಿನಲ್ಲಿ ಏನೇನು ಹೇಳಿ ಕಳಿಸಿದ್ದರೋ. ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಸ್ಟೂಲಿನ ಮೇಲೆ ಕೂತು ನನ್ನ ಕೈಗಳನ್ನೇ ನೋಡಿದಳು. ಮೊದಲ ಒಂದು ಗಂಟೆ ಮೈ ಉರಿಯಿತು. ಆಮೇಲೆ ನಾನೇ ಅವಳಿಗೆ, ಈಗ ನಾನು ಏನು ಮುಟ್ಟಿದೆ ಬರೆದುಕೊ, ಈಗ ಸೆರಗು ಸರಿಮಾಡಿಕೊಂಡೆ ಬರೆದುಕೊ, ಕೈಗವಸು ಬದಲಿಸುತ್ತೇನೆ ಬರೆದುಕೊ ಎನ್ನತೊಡಗಿದೆ. ಒಂದು ದಿನದಲ್ಲಿ ನಾನು ಗೊತ್ತಿಲ್ಲದೆ ಮಾಡುವ ಕೆಲಸಗಳು ನಲವತ್ತಾರು. ಮೂಗು ಮುಟ್ಟುವುದೇ ಒಂಬತ್ತು ಸಲ.

ಚೀಲ ತುಂಬಿ ಹೊಸಿಲಿಗೆ ಬಂದಾಗ ನನ್ನ ಬಲಗೈ ತಾನಾಗಿ ಎಡಕ್ಕೆ ಹೋಯಿತು. ಅಲ್ಲಿ ಗಿಂಡಿ ಇರಲಿಲ್ಲ. ನಾನು ತೆಗೆದಿರಲಿಲ್ಲ. ಒಳಗೆ ನೋಡಿದರೆ ಅನಂತಲಕ್ಷ್ಮಿ ಅದನ್ನು ದೇವರ ಮುಂದೆ ಇಟ್ಟು ಅದರ ಪಕ್ಕ ಕೂತಿದ್ದಳು, ಹಿಂದೆ ನೀಲಿ ಪೆಟ್ಟಿಗೆಯ ಪಕ್ಕ ಕೂರುತ್ತಿದ್ದ ಹಾಗೆ.

ಕೈ ಎಡಕ್ಕೆ ಹೋದದ್ದನ್ನೂ ಬರೆದುಕೊ ಎಂದೆ. ತನ್ಮಯಿ ಬರೆದುಕೊಂಡಳು.

ಜೂನ್ 20, ಶುಕ್ರವಾರ

ಅಂಗಡಿಗೆ ಬಂದ ಒಬ್ಬ ಹಳೆಯ ನೇಕಾರ ಕೇಳಿದ, ಗಂಗಾಮಾಯಿಯ ಮೇಲೆ ಕೇಸು ಹಾಕಿದ ಅಮ್ಮ ನೀವೇ ಅಂತೆ. ಹೌದು, ನಾನೇ ಸೋತೆ ಎಂದೆ. ನಕ್ಕು ಎರಡು ಲಡಿ ನೂಲು ಹೆಚ್ಚು ತೆಗೆದುಕೊಂಡ.

ಭಾವನ ಮಾತಿಲ್ಲದ ದಿನ ಮೂವತ್ತಾರು. ಸಾರಿಗೆ ಉಪ್ಪು ಕಡಿಮೆಯಾದರೂ ಹೇಳುವುದಿಲ್ಲ. ಎರಡು ದಿನ ಬೇಕೆಂದೇ ಹಾಕದೆ ನೋಡಿದೆ.

ಜೂನ್ 30, ಸೋಮವಾರ

ಫಲಿತಾಂಶ. ಮಾಲವಿಕಾ ಫೋನಿನಲ್ಲಿ ಹೇಳದೆ ಬನ್ನಿ ಎಂದಳು. ಹೋದರೆ ಮಹೇಶ್ವರ್ ಸರ್ ಕೂಡ ಅಲ್ಲೇ ಇದ್ದರು, ಮೇಜಿನ ಮೇಲೆ ಮಿಠಾಯಿ ಡಬ್ಬ. ಮೊಲಗಳು ಸೊಪ್ಪು ಮೇಯುತ್ತಿದ್ದವು.

0.1. 0.2. 0.4.

ಅರ್ಧದೊಳಗೆ ಮೂರೂ. ಪಾಸು. ಸಮಿತಿಗೆ ಕಾಗದ ಹೋಗಿ, ಉತ್ತರವೂ ಬಂದಿತ್ತು. ರೇಷ್ಮೆಯ ಕೋಣೆ ಉಳಿಯಿತು, ಇನ್ನು ಎರಡು ವರ್ಷ. ಮಾಲವಿಕಾ ನನ್ನನ್ನು ತಬ್ಬಿಕೊಂಡು ಹಿಂದಿಯಲ್ಲೋ ಕನ್ನಡದಲ್ಲೋ ಏನೇನೋ ಹೇಳಿದಳು. ಮಹೇಶ್ವರ್ ಸರ್ ಮಿಠಾಯಿ ಮುಂದೆ ಹಿಡಿದರು. ಈ ಕಂತಿನಿಂದಲೇ ಮುಂದಿನ ಹಂತದ ಬಿಲ್ಲೆ ಮಾಡುತ್ತೇವೆ, ಮಗುವಿನ ತೋಳಿಗೆ ಹೋಗುವ ದಾರಿಯ ಮೊದಲ ಬಿಲ್ಲೆ ನಿಮ್ಮ ರೇಷ್ಮೆಯದ್ದು ಎಂದರು.

ಮಿಠಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, ಮೂರನೆಯ ಮೊಲಕ್ಕೆ 0.4 ಯಾಕೆ?

ಹಿಡಿಯುವಾಗ ಹೆದರಿತ್ತು ಆಂಟಿ, ಹೆದರಿದರೂ ಸ್ವಲ್ಪ ಏರುತ್ತದೆ, ಇರಬಹುದು ಎಂದಳು ಮಾಲವಿಕಾ.

"ಇರಬಹುದು ಅನ್ನೋದನ್ನ ಹದಿನಾರು ವರ್ಷ ಗಿರಾಕಿಗಳಿಗೆ ಮಾರಿದ್ದೀನಮ್ಮ. ಅದರಲ್ಲಿ ಏನಿರುತ್ತೆ ಅಂತ ನನಗೆ ಗೊತ್ತು."

ಮಹೇಶ್ವರ್ ಸರ್ ಕನ್ನಡಕ ತೆಗೆದರು. ನಿಯಮದ ಪ್ರಕಾರ ಇದು ಪಾಸಾದ ಮಾಲು, ಸಮಿತಿ ಒಪ್ಪಿದೆ, ನಾನೂ ಒಪ್ಪಿದ್ದೇನೆ, ಇನ್ನು ಯಾರು ಒಪ್ಪಬೇಕು ಎಂದು ಕೇಳಿದರು.

"ನಾನು."

ಇದನ್ನು ಅಚ್ಚು ಸರಿಮಾಡುವುದಕ್ಕೆ, ಮುಳ್ಳು ಮುರಿಯುವುದೇಕೆ ನೋಡುವುದಕ್ಕೆ ಬಳಸಿಕೊಳ್ಳಿ ಎಂದೆ. ತೋಳಿಗೆ ಹೋಗುವುದಕ್ಕೆ ಇನ್ನೊಂದು ಕಂತು ಕುದಿಸಿಕೊಡುತ್ತೇನೆ. ಡಬ್ಬದ ನೀರು ತುಂಬುವಾಗ, ಬೀರು ಒರೆಸುವಾಗ ನಿಮ್ಮ ಕಡೆ ಏನೇನು ಗೊತ್ತಿಲ್ಲದೆ ಮಾಡುತ್ತೀರೋ, ಅದನ್ನು ನೋಡಲು ಈ ಸಲ ನಾನು ಬಂದು ಸ್ಟೂಲಿನ ಮೇಲೆ ಕೂರುತ್ತೇನೆ. ಆ 0.4 ಯಾರದ್ದು ಎಂದು ಗೊತ್ತಾಗುವವರೆಗೆ ಕೊಡುವುದಿಲ್ಲ. ಅವರು ಕೊನೆಗೆ, ಅಮ್ಮಾ, ನಿಮ್ಮ ಮಾಲು ಪಾಸಾಯಿತೆಂದು ಹೇಳುವುದಕ್ಕೆ ನಾನು ಇಷ್ಟು ವಾದ ಮಾಡಬೇಕಾಗುತ್ತದೆ ಎಂದುಕೊಂಡಿರಲಿಲ್ಲ ಎನ್ನುತ್ತಾ ಒಪ್ಪಿದರು.

ಮನೆಗೆ ಬಂದು ಸೋಡಾ ತೂಗಿ ಮುಚ್ಚಿಟ್ಟಿದ್ದೇನೆ. ಗೂಡು ಕತ್ತರಿಸಿ ಆಗಿದೆ. ನಾಳೆ ಬೆಳಿಗ್ಗೆ ಆರಕ್ಕೆ ಒಲೆ. ಈ ಸಲ ಮಹೇಶ್ವರ್ ಸರ್ ತಾವೇ ಬಂದು ಕೂತು ನೋಡುತ್ತಾರಂತೆ. ಬರಲಿ. ಕೈ ತೊಳೆದುಕೊಂಡು ಬರಲಿ.